ಎರಡು ಫೋನು, ಒಂದೇ ಲೈನು

ಗಂಗಾ, ಆ ಮಧ್ಯಾಹ್ನ ಲೈನು ಹಿಡಿದಿಟ್ಟವಳು ನಾನು. ನಿನ್ನ ಫೋನು ಸರಿಯಾಗಿಯೇ ಇತ್ತು. ನನ್ನ ರಿಸೀವರನ್ನು ನಾನೇ, ಗೊತ್ತಿದ್ದೂ ಗೊತ್ತಿದ್ದೂ, ಸರಿಸಿಟ್ಟಿದ್ದೆ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಉಳಿದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಅಣ್ಣತಮ್ಮಂದಿರಾದ ನನ್ನ ಗಂಡ, ನಿನ್ನ ಗಂಡ ಬೇರೆಯಾಗಿ ಮಸ್ಕಿಯ ಮನೆ ಎರಡಾದಾಗ ಫೋನು ಮಾತ್ರ ಎರಡಾಗಲಿಲ್ಲ. ಹೊಸ ಕನೆಕ್ಷನ್ನಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ನಡುಗೋಡೆಗೆ ತೂತು ಕೊರೆದು, ನಮ್ಮ ಕೋಣೆಯಿಂದ ನಿಮ್ಮ ಪಡಸಾಲೆಗೆ ವೈರು ಎಳೆಸಿದರು. ಒಂದೇ ನಂಬರು, ಗಂಟೆ ಎರಡೂ ಕಡೆ. ಯಾವ ಕಡೆ ರಿಸೀವರ್ ಸರಿಯಾಗಿ ಕೂರದಿದ್ದರೂ ಎರಡೂ ಕಡೆ ಫೋನು ಬರುವುದಿಲ್ಲ ಎಂದು ಲೈನ್‌ಮನ್ ಹೇಳಿಹೋಗಿದ್ದ. ನಾವಿಬ್ಬರೂ ಕೇಳಿಸಿಕೊಂಡಿದ್ದೆವು.

ಬರುತ್ತಿದ್ದ ಫೋನೆಲ್ಲ ನಿನಗೆ. ಗೊರೇಬಾಳದ ನಿನ್ನ ಅಣ್ಣ ಸಿಂಧನೂರಿಗೆ ಬಂದಾಗಲೆಲ್ಲ ಬೂತಿನಿಂದ ಮಾಡುತ್ತಿದ್ದ. ಸಂತೆಕಲ್ಲೂರಿನ ನನ್ನ ತವರಿನಿಂದ ಒಮ್ಮೆಯೂ ಬರಲಿಲ್ಲ. ಆ ಮಧ್ಯಾಹ್ನದ ಹಿಂದಿನ ದಿನ ನಾನು ಫೋನಿನ ಕಸೂತಿ ಬಟ್ಟೆ ಝಾಡಿಸುತ್ತಿದ್ದಾಗ ನೀನು ನಗುತ್ತ ಅಂದಿದ್ದೆ: "ಅಕ್ಕಾ, ನಿಮ್ಮ ಫೋನಿಗೆ ಧೂಳ ತಿನ್ನೋದು ಬಿಟ್ರ ಬ್ಯಾರೆ ಕೆಲಸಿಲ್ಲ ಬಿಡ್ರಿ." ನಾನೂ ನಕ್ಕೆ. ಆದರೆ —

ಮರುದಿನ ಬೆಳಿಗ್ಗೆ ನಿನ್ನ ಅಣ್ಣನ ಫೋನು ಬಂತು. ಅವ್ವನಿಗೆ ಉಸಿರಾಟದ ತ್ರಾಸು, ಸಿಂಧನೂರಿನ ದವಾಖಾನೆಗೆ ತಂದಿದ್ದೇವೆ, ಡಾಕ್ಟರು ನೋಡಿದ ಮೇಲೆ ಮತ್ತೆ ಮಾಡುತ್ತೇನೆ, ಬಾ ಅಂದರೆ ಕೂಡಲೇ ಹೊರಡು ಎಂದಿದ್ದ. ಇದು ನನಗೆ ಗೊತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿತ್ತು, ನೀನೇ ಬಂದು ಹೇಳಿದ್ದೆ. ನೀನು ಒಮ್ಮೆ ರಿಸೀವರ್ ಎತ್ತಿ, ಲೈನು ಇದೆಯೆಂದು ನೋಡಿ ಇಟ್ಟೆ. ಆಮೇಲೆ ಲೈನು ಖಾಲಿ ಇರಲಿ ಎಂದು ಅದನ್ನು ಮುಟ್ಟಲಿಲ್ಲ. ಉಣ್ಣದೆ ಅದರ ಮುಂದೆ ಕುಳಿತೆ. ಗೋಡೆಯ ಈಚೆ ನಾನು ನನ್ನ ರಿಸೀವರನ್ನು ಒಂದು ಬೆರಳಿನಷ್ಟು ಸರಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಒಂದು ಮಧ್ಯಾಹ್ನ ಇವಳ ಗಂಟೆಯೂ ಸುಮ್ಮನಿರಲಿ... ಅಷ್ಟೇ ಅನ್ನಿಸಿದ್ದು. ಮಲಗಿದೆ. ನಿದ್ದೆಯೂ ಬಂತು.

ಹೊತ್ತು ಇಳಿದ ಮೇಲೆ ನಿನ್ನ ಅಣ್ಣನ ಗೆಳೆಯ ಬೈಕಿನಲ್ಲಿ ಬಂದ. ಅಂಗಳದಲ್ಲಿ ಅವನ ದನಿ ಕೇಳಿದೊಡನೆ ನಾನು ಮಾಡಿದ ಮೊದಲ ಕೆಲಸ — ರಿಸೀವರನ್ನು ಸರಿಯಾಗಿ ಇಟ್ಟದ್ದು. ಆಮೇಲೆ ಹೊರಗೆ ಬಂದೆ.

"ಮಧ್ಯಾಹ್ನದಿಂದ ಹಚ್ಚಾಕತ್ತೀವಿ ತಂಗಿ, ಬರೇ ಎಂಗೇಜ್ ಬರತಿತ್ತು. ಅವ್ವ, ಗಂಗಿ ಬಂದ್ಲೇನು, ಗಂಗಿ ಬಂದ್ಲೇನು ಅಂತ ಕೇಳಿ ಕೇಳಿ..."

ಅವ್ವ ಹೋಗಿಬಿಟ್ಟಿದ್ದಳು.

ನೀನು ನನ್ನ ಕಡೆ ತಿರುಗಿದೆ. "ಅಕ್ಕಾ, ನಿಮ್ಮ ಕಡೆ ಸರಿ ಇತ್ತಲ್ರೀ?"

"ನಂದು ಸರಿ ಇತ್ತವ್ವ. ನೀನ ಎತ್ತಿ ನೋಡಿದ್ಯಲ್ಲ... ಸರಿ ಇಟ್ಟಿದ್ದಿಲ್ಲೇನೋ."

ನೀನು ನಂಬಿದೆ. ಎರಡರಲ್ಲಿ ಯಾವ ಫೋನು ಲೈನು ಹಿಡಿದಿತ್ತು ಎಂದು ಯಾರೂ ಹೇಳಲಾರರು — ನಾನೊಬ್ಬಳನ್ನು ಬಿಟ್ಟು. ದಿನಕರ್ಮದ ದಿನ ಎಲ್ಲರ ಮುಂದೆ, ಅವ್ವನ ಕಡೆಯ ಮಾತನ್ನು ಕೈಯಾರೆ ತಪ್ಪಿಸಿಕೊಂಡೆ ಎಂದು ನೀನು ಹಣೆ ಬಡಿದುಕೊಂಡಾಗ, ನಾನು ನಿನ್ನ ಕೈ ಹಿಡಿದೆ. ನೀರು ಕುಡಿಸಿದೆ. ಬೇಕಂತ ಮಾಡಿದ್ದಲ್ಲವಲ್ಲ, ಬಿಡು ಎಂದೆ. ನೀನು ಮಾಡದ ತಪ್ಪನ್ನು ನಾನು ಕ್ಷಮಿಸಿದೆ, ಗಂಗಾ.

ಇವತ್ತಿಗೂ ನೀನು ಮಾತು ಮುಗಿಸಿದ ಮೇಲೆ ರಿಸೀವರನ್ನು ಎರಡೆರಡು ಸಲ ಎತ್ತಿ ಇಡುತ್ತೀ. ನಿನಗೆ ಗೊತ್ತಿಲ್ಲ — ಪ್ರತಿ ಸಲವೂ ಗೋಡೆಯ ಈಚೆ ನನ್ನ ಫೋನಿನ ಗಂಟೆ ಸಣ್ಣಗೆ ಟಿಣ್ ಎನ್ನುತ್ತದೆ.

ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಇನ್ನು ಮೇಲೆ ರಿಸೀವರನ್ನು ಎತ್ತಿ ನೋಡಬೇಡ. ಅವತ್ತು ನೀನು ಸರಿಯಾಗಿಯೇ ಇಟ್ಟಿದ್ದೆ.