ಸುಮಿತ್ರಮ್ಮ ಲಿನಕ್ಸಿನ ಮೇಲೆ ಬರೆಸಿದ ದೂರು

ಕೊಪ್ಪದ ತಾಲ್ಲೂಕು ಕಚೇರಿಗೆ ಎದುರಾಗಿರುವ ಸಾಲಿನಲ್ಲಿ ಮೂರನೆಯದು ಸುಮಿತ್ರಮ್ಮನ ಟೈಪಿಂಗ್ ಅಂಗಡಿ. ಅತ್ತ ಗೋಡೆ, ಇತ್ತ ಹಲಗೆ, ಹಲಗೆಯಾಚೆ ಸುಂದರೇಶನ ಟೀ ಅಂಗಡಿ. ಮೂವತ್ತೆರಡು ವರ್ಷಗಳಿಂದ ಅವರು ಇಲ್ಲಿ ಕೂತು ಊರವರ ಅರ್ಜಿ ಬರೆಯುತ್ತಿದ್ದಾರೆ. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು. ಕುರ್ಚಿ ಮಾತ್ರ ಅದೇ.

ಅನುಮಾನ ಈ ಹೆಂಗಸಿಗೆ ಹುಟ್ಟಿನಿಂದ ಬಂತೋ ಕಸುಬಿನಿಂದ ಅಂಟಿತೋ, ದೇವರಿಗೇ ಗೊತ್ತು. ಬಸ್ಸಿನ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಯಾರಾದರೂ ಎರಡು ಸಲ ನಮಸ್ಕಾರ ಹೇಳಿದರೆ, ಇವನಿಗೆ ನನ್ನಿಂದ ಎಂತ ಬೇಕಿರಬಹುದು ಅಂತ ಇಡೀ ಮಧ್ಯಾಹ್ನ ಯೋಚಿಸುತ್ತಾರೆ. ಗಂಡ ಸಕ್ಕರೆ ಹಾಕದ ಕಾಫಿ ಕುಡಿದೆ ಅಂದರೆ ಲೋಟದ ತಳ ನೋಡುತ್ತಾರೆ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಆ ಲೋಟ ನೋಡುವುದು ನಿಂತಿಲ್ಲ, ಪಾಪದ ಮನುಷ್ಯ.

ಆದರೆ ಅನುಮಾನಕ್ಕೆ ಕಾರಣವಿಲ್ಲ ಅನ್ನುವಂತಿಲ್ಲ. ಅಣ್ಣನ ಮೇಲೆ ತಮ್ಮ ಕೊಡುವ ದೂರು, ಗಂಡ ಬಿಟ್ಟವಳ ಮನವಿ, ಒತ್ತುವರಿ ಜಾಗದ ತಕರಾರು, ಎಲ್ಲ ಮೊದಲು ಬಂದು ಬೀಳುವುದು ಇವರ ಮಡಿಲಿಗೆ. ಶೃಂಗೇರಿಯ ಬೇಗಾರಿನವರು, ನರಸಿಂಹರಾಜಪುರದ ಶೆಟ್ಟಿಕೊಪ್ಪದವರು ತಮ್ಮೂರಿನ ಟೈಪಿಂಗ್ ಅಂಗಡಿ ದಾಟಿ ಇಲ್ಲಿಗೆ ಬರುವುದಕ್ಕೆ ಇರುವುದು ಒಂದೇ ಕಾರಣ: ಸುಮಿತ್ರಮ್ಮನ ಹತ್ತಿರ ಹೇಳಿದ ಗುಟ್ಟು ಹೊಸ್ತಿಲು ದಾಟುವುದಿಲ್ಲ. ಅವರ ಜೀವಮಾನದ ಗಳಿಕೆ ಅಂದರೆ ಈ ಹೆಸರೇ.

ಇನ್ನೊಂದು ಪದ್ಧತಿ ಇತ್ತು. ಅರ್ಜಿ ಮುಗಿದ ಮೇಲೆ ಅದನ್ನು ಬರೆಸಿದವರಿಗೆ ಓದಿ ಹೇಳುವುದು. ಶುರುವಿನ ದಿನಗಳಲ್ಲಿ ಯಾರೋ ಒಬ್ಬ ಬೇರೆ ಕಡೆ ಬರೆಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಎಂತ ಇದೆ ಅಂತ ತಿಳಿಯದೆ ಗದ್ದೆ ಕಳೆದುಕೊಂಡಿದ್ದ. ಅವನ ಅಳು ಕೇಳಿದ ದಿನದಿಂದ ಸುಮಿತ್ರಮ್ಮ ಓದದೆ ಒಂದು ಕಾಗದವನ್ನೂ ಕೈಬಿಟ್ಟವರಲ್ಲ. ಕಿವಿ ಮಂದ ಇರುವವರೂ ಬರುತ್ತಾರೆ ಅಂತ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಸರ್ವೆ ನಂಬರನ್ನು ಎರಡೆರಡು ಸಲ ಓದುತ್ತಿದ್ದರು. ಆ ಓದಿನ ಬಗ್ಗೆ ಅವರಿಗೆ ಒಳಗೊಳಗೇ ಜಂಬವೂ ಇತ್ತು.

ಹೋದ ವರ್ಷ ಅವರ ಕಂಪ್ಯೂಟರ್ ಮುದಿಯಾಯಿತು. ಹಳೆಯ ವ್ಯವಸ್ಥೆಗೆ ಇನ್ನು ಅಪ್‌ಡೇಟ್ ಇಲ್ಲ, ಹೊಸದನ್ನು ತಾಳಿಕೊಳ್ಳುವ ಶಕ್ತಿ ಈ ಪೆಟ್ಟಿಗೆಗಿಲ್ಲ ಅಂತಾಯಿತು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಶಶಿಕಿರಣ್ ಒಂದು ಭಾನುವಾರ ಬಂದು ಲಿನಕ್ಸ್ ಅನ್ನುವ ಬೇರೆ ವ್ಯವಸ್ಥೆ ಹಾಕಿಕೊಟ್ಟ. ಕಂಪ್ಯೂಟರ್ ಎದ್ದು ಓಡಲು ಶುರು ಮಾಡಿತು. ಸುಮಿತ್ರಮ್ಮ ಹುಬ್ಬು ಗಂಟಿಕ್ಕಿದರು.

“ಇದಕ್ಕೆ ಎಷ್ಟು?”

“ಏನೂ ಇಲ್ಲಮ್ಮ, ಪುಕ್ಕಟೆ. ಎಲ್ಲೆಲ್ಲೋ ಇರೋರು ಸೇರಿ ಮಾಡಿದ್ದು. ಯಾರು ಬೇಕಾದ್ರೂ ಹಾಕ್ಕೊಬಹುದು.”

“ಅವರ ಹೊಟ್ಟೆಪಾಡಿಗೆ ಎಂತ ಮಾಡ್ತಾರೆ ಹಂಗಾದ್ರೆ?”

ಶಶಿಕಿರಣ್ ನಕ್ಕ. ಅವನೂ ಆ ಗುಂಪಿಗೆ ಬಿಡುವಿನಲ್ಲಿ ಕೆಲಸ ಮಾಡುವವನೇ. ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದ, ಬಳಸುವವರು ಹೇಳಿದ ಸಲಹೆಗಳನ್ನು ಇಂಗ್ಲಿಷಿಗೆ ಮಾಡಿ ಅವರ ಪುಟಕ್ಕೆ ಹಾಕುತ್ತಿದ್ದ. “ನೀವು ದಿನಾ ಬಳಸೋರು. ಎಂತ ಸರಿ ಇಲ್ಲ, ಎಂತ ಬೇಕು ಹೇಳಿ. ಕೇಳಿ ತಿದ್ದುತ್ತಾರೆ,” ಅಂದ.

“ಕಷ್ಟ ಎಂತ ಅಂತ ಕೇಳ್ಕೊಂಡು ಬರೋರು ಎಲೆಕ್ಷನ್‌ಗೆ ನಿಂತೋರು ಮಾತ್ರ ಮಾರಾಯ,” ಅಂದರು ಸುಮಿತ್ರಮ್ಮ. “ಇವರಿಗೆ ಎಂತ ಲಾಭ?”

ಆದರೂ ಬೈಯುವ ಅವಕಾಶ ಸಿಕ್ಕಿದಾಗ ಬಿಡುವ ಜಾತಿಯಲ್ಲ ಅವರು. ಅರ್ಜಿಗೆ ಬೇಕಾದದ್ದು ಉದ್ದ ಕಾಗದ. ಪ್ರಿಂಟ್ ಕೊಟ್ಟಾಗೆಲ್ಲ ಇದು ಗಿಡ್ಡ ಕಾಗದ ಅಂತ ತಾನೇ ತೀರ್ಮಾನಿಸುತ್ತದೆ, ಸಹಿ ಹಾಕುವ ಜಾಗವೇ ಮಾಯ. ಜನ ಸಾಲು ನಿಂತಾಗಲೇ ಅಪ್‌ಡೇಟ್ ಮಾಡಲೇ ಅಂತ ಅಡ್ಡ ಬರುತ್ತದೆ. “ಮತ್ತೆ ಇದರ ಕನ್ನಡ ಇದ್ಯಲ್ಲ, ಯಾರ ಮನೆ ಕನ್ನಡ ಇದು? ‘ಗವಾಕ್ಷಿಯನ್ನು ಕನಿಷ್ಠಗೊಳಿಸು’ ಅಂತೆ! ನಮ್ಮಜ್ಜನೂ ಹಂಗೆ ಮಾತಾಡಿದ್ದಿಲ್ಲ.” ಆ ಕನ್ನಡ ಶಶಿಕಿರಣನದೇ. ಅವನು ಕೆಮ್ಮಿ, ಅದನ್ನೂ ಬರೆದುಕೊಂಡ.

ಎಂಟು ದಿನಕ್ಕೆ ದೂರದೇಶದ ಒಬ್ಬನಿಂದ ಉತ್ತರ ಬಂತು. ಸಲಹೆಗೆ ಧನ್ಯವಾದ, ಯಾವ ಪ್ರಿಂಟರ್, ಕಾಗದ ಎಷ್ಟು ಉದ್ದ, ನೀವು ಮಾಡುವ ಕೆಲಸ ಎಂಥದು?

“ನಾನು ಎಂತ ಕೆಲಸ ಮಾಡ್ತೀನಿ ಅಂತ ಅವನಿಗ್ಯಾಕೆ?”

“ಕೆಲಸ ಗೊತ್ತಾದ್ರೆ ತಿದ್ದೋಕೆ ಸುಲಭ ಅಮ್ಮ.”

“ಕಾಗದದ ಅಳತೆ ಹೇಳು. ಬೇರೆ ಎಂತದೂ ಹೇಳಬೇಡ.”

ಎರಡು ತಿಂಗಳಿಗೆ ಬಂದ ಅಪ್‌ಡೇಟಿನಲ್ಲಿ ಉದ್ದ ಕಾಗದದ ತೊಂದರೆ ಸರಿಹೋಯಿತು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಸುಮಿತ್ರಮ್ಮನ ಅನುಮಾನ ದುಪ್ಪಟ್ಟಾಯಿತು. ಹೇಳಿದ್ದನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವನು ಹೇಳದ್ದನ್ನೂ ಕೇಳಿಸಿಕೊಳ್ಳುತ್ತಾನೆ ಅಂತ ಅವರ ಲೆಕ್ಕ. ಅಂದೇ ಕಂಪ್ಯೂಟರಿನ ಕ್ಯಾಮೆರಾದ ಕಣ್ಣಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದರು. ಗುಟ್ಟಿನ ಅರ್ಜಿ ಬಂದರೆ ನೆಟ್ಟಿನ ವೈರು ಕಿತ್ತಿಟ್ಟು ಟೈಪ್ ಮಾಡತೊಡಗಿದರು.

ಐತ ಬಂದ ದಿನ ಮಾತ್ರ ವೈರು ಕೀಳುವುದು ಮರೆತುಹೋಯಿತು.

ಐತ ಭಂಡಿಗಡಿ ಕಡೆಯ ಒಂದು ಅಡಿಕೆ ತೋಟದಲ್ಲಿ ಕೂಲಿ. ಅವನ ಮನೆ ಇದ್ದದ್ದು ತೋಟದ ಬೇಲಿಯಾಚೆ, ಸರ್ಕಾರಿ ಜಾಗದಲ್ಲಿ. ಅವನ ಅಪ್ಪ ಕಟ್ಟಿದ್ದು. ಮನೆಯಡಿ ಜಾಗಕ್ಕೆ ಹಕ್ಕುಪತ್ರ ಸಿಕ್ಕಿದರೆ ಏಳು ಅಂತ ಅವನನ್ನು ಯಾರೂ ಎಬ್ಬಿಸುವಂತಿರಲಿಲ್ಲ.

“ಸರ್ವೆಯೋರು ಬಂದು ಅಳೆಯೋ ತನಕ ತೋಟದೋರಿಗೆ ಗೊತ್ತಾಗಬಾರದು ಅಮ್ಮ,” ಅಂದ ಐತ. “ಗೊತ್ತಾದ್ರೆ ಮುಗೀತು. ಜಾಗ ನಮ್ಮದೇ ಅಂತ ಬೇಲಿ ಹಾಕ್ತಾರೆ.”

“ಇಲ್ಲಿಂದ ಒಂದು ಅಕ್ಷರ ಹೊರಗೆ ಹೋಗಲ್ಲ. ನೀನು ಹೇಳು,” ಅಂದರು ಸುಮಿತ್ರಮ್ಮ.

ಅರ್ಜಿ ಅರ್ಧ ಆಗುವಾಗ ಪರದೆ ಒಮ್ಮೆ ಸ್ತಬ್ಧವಾಗಿ, ‘ತೊಂದರೆ ಉಂಟಾಗಿದೆ, ವರದಿ ಕಳುಹಿಸಲೇ?’ ಅಂತ ಪೆಟ್ಟಿಗೆಯೊಂದು ಎದ್ದು ಬಂತು. ಸುಮಿತ್ರಮ್ಮ ಯಾವತ್ತೂ ಬೇಡ ಅಂತಲೇ ಒತ್ತುವವರು. ಅವತ್ತು ಅವಸರದಲ್ಲಿ ‘ಕಳುಹಿಸು’ ಒತ್ತಿಬಿಟ್ಟರು. ಐತನಿಗೆ ಎಂತದೂ ಹೇಳದೆ ಅರ್ಜಿ ಮುಗಿಸಿ, ಎಂದಿನಂತೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ ಕಳಿಸಿದರು.

ನಾಲ್ಕೇ ದಿನ. ಐದನೆಯ ದಿನ ಬೆಳಿಗ್ಗೆ ಐತ ಏಳುವಷ್ಟರಲ್ಲಿ ಅವನ ಮನೆಯನ್ನು ಬಳಸಿ ಹೊಸ ತಂತಿಬೇಲಿ ಎದ್ದಿತ್ತು, ಹಿತ್ತಲಿನಲ್ಲಿ ಅಡಿಕೆ ಸಸಿ ನಿಂತಿದ್ದವು. ಆಮೇಲೆ ಬಂದ ಸರ್ವೆಯವರು, ಜಾಗ ತೋಟದ ಸಾಗುವಳಿಯಲ್ಲಿದೆ ಅಂತ ಬರೆದುಕೊಂಡು ಹೋದರು. ಅರ್ಜಿ ವಜಾ ಆಯಿತು. ಐತ ಬಂದು ಅಂಗಡಿಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ.

“ಅವರಿಗೆ ಮೊದಲೇ ಗೊತ್ತಾಗಿತ್ತು ಅಮ್ಮ.”

ಸುಮಿತ್ರಮ್ಮನ ಮುಖ ಸುಟ್ಟ ಹಪ್ಪಳದಂತೆ ಕಪ್ಪಿಟ್ಟಿತು. “ಈ ಮಿಷಿನ್ನೇ ಹೇಳಿದ್ದು ಐತ! ನನ್ನ ಕಣ್ಣೆದುರೇ ಎಂತದೋ ಕಳಿಸ್ತು. ಪುಕ್ಕಟೆ ಅಂತ ಮನೆಯೊಳಗೆ ಬಂದ ಕಳ್ಳ ಇದು,” ಅಂದರು.

ಐತ ಕಂಪ್ಯೂಟರ್ ನೋಡಿದ. ಸುಮಿತ್ರಮ್ಮನನ್ನು ನೋಡಿದ. “ಹೌದಾ ಅಮ್ಮ,” ಅಂದು ಹೊರಟುಹೋದ.

ಶಶಿಕಿರಣನಿಗೆ ಫೋನ್ ಹೋಯಿತು. ಅವನು ಬಂದು, ಅವತ್ತು ಕಳಿಸಿದ ವರದಿಯನ್ನೇ ತೆರೆದು ತೋರಿಸಿದ. ಯಾವ ಪ್ರೋಗ್ರಾಂ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು, ಒಂದಿಷ್ಟು ಅಂಕಿಗಳು. ಐತನ ಹೆಸರಾಗಲಿ ಭಂಡಿಗಡಿಯಾಗಲಿ ಅದರಲ್ಲಿರಲಿಲ್ಲ.

“ಇದು ನೀನು ತೋರಿಸಿದ್ದು. ತೋರಿಸದೆ ಇಟ್ಟದ್ದು?”

“ಅಯ್ಯೋ ಅಮ್ಮ, ಯಾವುದೋ ದೇಶದಲ್ಲಿ ಕೂತವನಿಗೆ ಭಂಡಿಗಡಿ ತೋಟದೋರ ಪರಿಚಯ ಹೆಂಗೆ ಇರ್ತದೆ?”

“ಪರಿಚಯ ಇಲ್ದೆ ನನ್ನ ಕೆಲಸ ಎಂಥದು ಅಂತ ಯಾಕೆ ಕೇಳಿದ?”

ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ ಶಶಿಕಿರಣ್ ಕೈಮುಗಿದ. “ಹಂಗಾದ್ರೆ ದೂರು ಬರೆಸಿ. ನೀವು ಹೇಳಿದ್ದನ್ನು ಒಂದಕ್ಷರ ಬಿಡದೆ ಅವರ ಪುಟಕ್ಕೆ ಹಾಕ್ತೀನಿ. ಸಾವಿರಾರು ಜನ ಓದ್ತಾರೆ.”

ಸುಮಿತ್ರಮ್ಮ ಎದ್ದು ಅವನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಸೆರಗು ಸಿಕ್ಕಿಸಿಕೊಂಡು, ತಹಶೀಲ್ದಾರರಿಗೆ ಬರೆಸುವ ಠೀವಿಯಲ್ಲೇ ಶುರು ಮಾಡಿದರು. ಮಾನ್ಯರೇ, ಕೊಪ್ಪದ ನಿವಾಸಿಯಾದ ನಾನು ತಮ್ಮಲ್ಲಿ ತಿಳಿಸುವುದೇನೆಂದರೆ, ತಾವು ಪುಕ್ಕಟೆ ಕೊಟ್ಟ ವ್ಯವಸ್ಥೆಯು ಬಡವನೊಬ್ಬನ ಅರ್ಜಿಯ ವಿಷಯವನ್ನು ಕದ್ದು, ಅವನ ಮನೆಗೆ ಸಂಚಕಾರ ತಂದಿರುತ್ತದೆ. ಹೀಗೆ ಒಂದು ಪುಟ. ಹೇಳಿ ಮುಗಿಸುವ ಹೊತ್ತಿಗೆ ಗಂಟಲು ಒಣಗಿತ್ತು.

“ಟೀ ಹೇಳಿ ಬರ್ತೀನಿ. ಅಷ್ಟರಲ್ಲಿ ಒಂದು ಸಲ ಗಟ್ಟಿಯಾಗಿ ಓದಿಕೊಂಡು ತಪ್ಪಿದ್ರೆ ತಿದ್ದು. ಓದದೆ ಯಾವ ಕಾಗದನೂ ಇಲ್ಲಿಂದ ಹೊರಡಲ್ಲ.”

ಮೂವತ್ತೆರಡು ವರ್ಷದಲ್ಲಿ ಸುಮಿತ್ರಮ್ಮ ಟೀ ಅಂಗಡಿಯ ಒಳಗೆ ಹೋದವರಲ್ಲ. ಆ ಬೆಂಚು ಗಂಡಸರದು. ಹೊರಗಿನಿಂದ ಒಂದು ಕೂಗು ಹಾಕಿದರೆ ಸುಂದರೇಶ ಲೋಟ ತಂದು ಬಾಗಿಲಿಗೆ ಕೊಡುತ್ತಿದ್ದ. ಅವತ್ತು ಎರಡು ಕೂಗು ಹಾಕಿದರೂ ಉತ್ತರವಿಲ್ಲ. ಸಿಟ್ಟಿನಲ್ಲೇ ಇದ್ದವರು, ಇವನಿಗೇನು ಕಿವಿ ಕೆಪ್ಪೋ ಅಂತ ಬಗ್ಗಿ ಒಳಗೆ ನುಗ್ಗಿದರು.

ಒಳಗೆ ಸುಂದರೇಶ ಬಾಗಿಲಿಗೆ ಬೆನ್ನು ಮಾಡಿ, ಹಲಗೆಯ ಕಡೆ ತಲೆ ವಾಲಿಸಿ ನಿಂತಿದ್ದ. ಬೆಂಚಿನಲ್ಲಿ ಐದಾರು ಜನ. ಯಾರೂ ಮಾತಾಡುತ್ತಿರಲಿಲ್ಲ. ಹಲಗೆಯಾಚೆಯಿಂದ ಶಶಿಕಿರಣನ ದನಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬರುತ್ತಿತ್ತು. ಬಡವನೊಬ್ಬನ ಅರ್ಜಿಯ ವಿಷಯವನ್ನು ಕದ್ದು.

ಹಿಂದೆ ಯಾರೋ ಬಂದದ್ದು ಗೊತ್ತಾಗಿ ಸುಂದರೇಶ ತಿರುಗದೆಯೇ ಬೆರಳೆತ್ತಿದ. “ಶ್! ಸುಮ್ನಿರಿ ಮಾರಾಯ್ರೆ. ಓದು ಶುರುವಾಗಿದೆ. ಇವತ್ತು ಯಾರೋ ಗಂಡಸು ಓದ್ತಿದಾನೆ, ಸುಮಿತ್ರಮ್ಮನಷ್ಟು ಸ್ಪಷ್ಟ ಇಲ್ಲ.”

ಬೆಂಚಿನ ತುದಿಯಲ್ಲಿ ಕೂತಿದ್ದವನು ಶಾಂತವೀರಪ್ಪ. ಐತ ಕೆಲಸ ಮಾಡುವ ತೋಟದ ಲೆಕ್ಕ ಬರೆಯುವ ರೈಟರು. ಸುಮಿತ್ರಮ್ಮನನ್ನು ಮೊದಲು ನೋಡಿದವನು ಅವನೇ. ಅರ್ಧ ಟೀ ಇದ್ದ ಲೋಟ ಅಲ್ಲೇ ಇಟ್ಟು, ಚಪ್ಪಲಿ ಮೆಟ್ಟಿ, ಅವರ ಪಕ್ಕದಿಂದಲೇ ನುಸುಳಿ ಹೊರಗೆ ಹೋದ.

ಸುಮಿತ್ರಮ್ಮ ಹಲಗೆಯನ್ನೇ ನೋಡಿದರು. ಐತನ ಅರ್ಜಿ ಒಂದೇ ಅಲ್ಲ. ಶೆಟ್ಟಿಕೊಪ್ಪದ ಹೆಂಗಸಿನ ಮನವಿ, ಬೇಗಾರಿನ ಅಣ್ಣತಮ್ಮಂದಿರ ಪಾಲು, ಎಷ್ಟು ವರ್ಷ, ಎಷ್ಟು ಜನ! ಎಲ್ಲರ ಗುಟ್ಟನ್ನೂ ತಾವೇ ಬಿಡಿಸಿ ಬಿಡಿಸಿ, ಸರ್ವೆ ನಂಬರ್ ಎರಡೆರಡು ಸಲ ಹೇಳಿ, ಈ ಬೆಂಚಿಗೆ ಬಡಿಸಿದ್ದರು.

ವಾಪಸ್ ಬಂದು ಶಶಿಕಿರಣನಿಗೆ, “ಅಳಿಸು,” ಅಂದರು.

“ಯಾಕಮ್ಮ? ಇಷ್ಟು ಚೆನ್ನಾಗಿ ಬಂದಿದೆ.”

“ಅಳಿಸು ಅಂದೆ. ಬೇರೆ ಬರಿ.” ದನಿ ಪಿಸುಮಾತಿಗೆ ಇಳಿದಿತ್ತು. “ಓದೋಕೆ ಬಾರದವರಿಗೆ ಅವರ ಕಾಗದನ ಮಿಷಿನ್ನೇ ಓದಿ ಹೇಳಬೇಕು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡೋರಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಬಾರದು. ನಮ್ಮ ಜನ ಮಾತಾಡೋ ಕನ್ನಡದಲ್ಲಿ ಇರಬೇಕು.”

“ಓದೋ ವ್ಯವಸ್ಥೆ ಈಗಲೇ ಇದೆ. ಆದ್ರೆ ಕನ್ನಡ ಓದಿದ್ರೆ ಮಂತ್ರ ಹೇಳಿದಂಗೆ ಕೇಳ್ತದೆ, ಯಾರಿಗೂ ಅರ್ಥ ಆಗಲ್ಲ.”

“ಅದನ್ನೇ ಬರಿ. ನನ್ನ ಕೆಲಸ ಎಂಥದು ಅಂತ ಅವನು ಕೇಳಿದ್ದನಲ್ಲ, ಅದನ್ನೂ ಬರಿ. ಇಲ್ಲಿ ಎಂತ ತಪ್ಪಾಯ್ತು, ಯಾರಿಂದ ಆಯ್ತು, ಎಲ್ಲ ಬರಿ.”

ಮರುದಿನ ಬೆಳಗಿನ ಬಸ್ಸಿಗೆ ಅವರು ಭಂಡಿಗಡಿಗೆ ಹೋದರು. ತಂತಿಬೇಲಿಯ ಸಂದಿನಲ್ಲಿ ಸೀರೆ ಸಿಕ್ಕಿಸಿಕೊಳ್ಳದಂತೆ ನುಸುಳಿ, ಐತನ ಅಂಗಳದಲ್ಲಿ ನಿಂತರು. ಅವನು ಸೌದೆ ಒಡೆಯುತ್ತಿದ್ದ. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

“ಐತ, ಮಿಷಿನ್ ಹೇಳಿದ್ದಲ್ಲ. ನಾನೇ ಹೇಳಿದ್ದು. ನಿನಗೆ ಓದಿ ಹೇಳ್ದಾಗ ಹಲಗೆಯಾಚೆ ಶಾಂತವೀರಪ್ಪ ಕೂತು ಕೇಳಿಸ್ಕೊಂಡಿದ್ದಾನೆ.”

ಐತ ಕೊಡಲಿ ಕೆಳಗಿಟ್ಟ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ಗೊತ್ತಿತ್ತು ಅಮ್ಮ. ಅವತ್ತು ನಿಮ್ಮ ಅಂಗಡಿಯಿಂದ ಇಳಿಯೋವಾಗ್ಲೇ ಅವರು ಬೆಂಚಲ್ಲಿ ಕೂತು ನನ್ನ ನೋಡಿ ನಕ್ಕಿದ್ರು.”

“ಗೊತ್ತಿದ್ದೂ ನನ್ನ ಹತ್ರ ಯಾಕೆ ಹೇಳಲಿಲ್ಲ? ಬಾಗಿಲ ತನಕ ಬಂದು ಸುಮ್ನೆ ಹೋದ್ಯಲ್ಲೋ!”

“ನೀವು ಮಿಷಿನ್ ಅಂದ್ರಿ. ಇಲ್ಲ, ನಿಮ್ಮ ಬಾಯಿ ಅಂತ ನಾನು ಹೆಂಗೆ ಹೇಳೋದು? ನಿಮಗೆ ಬೇಜಾರಾದ್ರೆ, ಆಮೇಲೆ ನಮ್ಮಂಥವರ ಅರ್ಜಿ ಬರೆದುಕೊಡೋರು ಯಾರಿದಾರೆ ಅಮ್ಮ?”

ಕಂಡವರನ್ನೆಲ್ಲ ಅನುಮಾನಿಸಿದ ಸುಮಿತ್ರಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳಲೂ ಮುಜುಗರವಾಗಿ ಹಾಗೇ ನಿಂತರು. ಐತ ಒಳಗೆ ಹೋಗಿ, ವಜಾ ಆದ ಕಾಗದವನ್ನು ತಂದು, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

“ಮೇಲ್ಮನವಿಗೆ ಇನ್ನೂ ಹನ್ನೊಂದು ದಿನ ಇದೆಯಂತೆ,” ಅಂದ.