ಕನ್ನಡಿಯಿಲ್ಲದ ರಿವರ್ಸು

“ಭಯಾನಾ? ನನಗಾ? ಯಮ ಬಂದು ಬಾಗಿಲು ತಟ್ಟಿದ್ರೂ ಅವನ ಕೋಣಕ್ಕೆ ರಿವರ್ಸ್ ಹೊಡೆಯೋದು ಕಲಿಸಿ ವಾಪಸ್ ಕಳಿಸ್ತೀನಿ ಕಣೇ!”

ಬ್ರೇಕಮ್ಮ ಹೀಗೆ ಗುಡುಗಿದ್ದು ಕನ್ನಡಿಯ ಮುಂದೆ ನಿಂತು. ಹಿಂದೆ ನಿಂತು ಕೂದಲಿಗೆ ಪಿನ್ನು ಸಿಕ್ಕಿಸುತ್ತಿದ್ದವಳು ಮಗಳು.

“ಹಂಗಾದ್ರೆ ಸ್ವಲ್ಪ ಅಲ್ಲಾಡ್ದೆ ನಿಂತ್ಕೋ ಅಮ್ಮ. ನಿನ್ ತಲೆ ನಡುಗ್ತಿದೆ, ಪಿನ್ನು ನನ್ ಬೆರಳಿಗೆ ಚುಚ್ತಿದೆ.”

“ನಡುಗ್ತಿಲ್ಲ. ಎಂಜಿನ್ ಬಿಸಿ ಆಗ್ತಿದೆ.”

ಆ ಊರಿನಲ್ಲಿ ಇವತ್ತು ಓಡುವ ಕಾರುಗಳಲ್ಲಿ ಅರ್ಧದಷ್ಟು ಬ್ರೇಕಮ್ಮನ ಬೈಗುಳ ತಿಂದವರ ಕೈಯಲ್ಲಿವೆ. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ ಕೂತು ಆಕೆ “ಎಡಕ್ಕೆ!” ಎಂದು ಕೂಗಿದರೆ, ಹೇಳಿಸಿಕೊಂಡ ಹುಡುಗ ತಿರುಗುತ್ತಾನೋ ಇಲ್ಲವೋ, ಮೂರು ಬೀದಿಯಾಚೆಯ ನಾಯಿಗಳು ಎಡಕ್ಕೆ ತಿರುಗುತ್ತಿದ್ದವು. ಒಬ್ಬ ಟ್ರಾಫಿಕ್ ಪೊಲೀಸನಂತೂ ಆ ದನಿ ಕೇಳಿದ ದಿನವೇ ತನ್ನ ಸೀಟಿಯನ್ನು ಮೊಮ್ಮಗನಿಗೆ ಆಡಲು ಕೊಟ್ಟುಬಿಟ್ಟನಂತೆ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದೇ ಆಕೆಯ ಸಿಂಹಾಸನ. ಕಲಿಯುವವರು ದಾರಿ ನೋಡುತ್ತಿದ್ದರೆ ಆಕೆಯ ಬಲಗಾಲು ಅವರ ತಪ್ಪನ್ನೇ ಕಾಯುತ್ತಿತ್ತು. ಆ ಕಾಲಿಗೆ ಕ್ರಮೇಣ ಎಲ್ಲಿ ಕೂತಿದ್ದೇನೆಂಬ ಗುರುತೇ ತಪ್ಪಿಹೋಗಿ, ಬಸ್ಸಿನಲ್ಲಿ ಪಕ್ಕದವರ ಚಪ್ಪಲಿಯನ್ನೂ ಹಲ್ಲು ಡಾಕ್ಟರ ಕುರ್ಚಿಯಲ್ಲಿ ಗಾಳಿಯನ್ನೂ ಒತ್ತುತ್ತಿತ್ತು. ಸಿನಿಮಾದಲ್ಲಿ ಪರದೆಯ ಮೇಲಿನ ಕಾರು ಜೋರಾಗಿ ಓಡಿತೋ, ಮುಂದಿನ ಸೀಟಿನವನ ಬೆನ್ನಿಗೆ ಒದೆ ಗ್ಯಾರಂಟಿ.

ಜನ ನಗುತ್ತಿದ್ದರು. ಮಗಳು ಮಾತ್ರ ನಗುತ್ತಿರಲಿಲ್ಲ. ಆ ಕಾಲಿನ ಕಥೆ ಅವಳಿಗೆ ಗೊತ್ತಿತ್ತು. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ರಾತ್ರಿ ಬ್ರೇಕಮ್ಮನ ಗಂಡ ಕಾರು ಓಡಿಸುತ್ತಿದ್ದ, ಇವಳು ಪಕ್ಕದಲ್ಲಿದ್ದಳು. ತಿರುವಿನಲ್ಲಿ ಎದುರಿಗೆ ಲಾರಿಯ ದೀಪ ಕಂಡಾಗ ಇವಳ ಬಲಗಾಲು ಬ್ರೇಕಿಗಾಗಿ ತಡಕಾಡಿತು. ಕಾಲಿನಡಿ ಸಿಕ್ಕಿದ್ದು ಬರೀ ರಬ್ಬರಿನ ಚಾಪೆ. ಗಂಡ ಮನೆಗೆ ಬರಲಿಲ್ಲ. ಆಮೇಲೆ ಆಕೆ ಡ್ರೈವಿಂಗ್ ಕಲಿತಳು, ಕಲಿಸಿದಳು. ಆದರೆ ಕಾಲಿನಡಿ ಬ್ರೇಕಿಲ್ಲದ ಕಾರಿನ ಪಕ್ಕದ ಸೀಟಿನಲ್ಲಿ ಮತ್ತೆ ಕೂರಲಿಲ್ಲ. ಕೂತಿದ್ದೇ ಆದರೆ ಸಾಯುವುದು ಖಂಡಿತ ಎಂದು ಆಕೆಯ ಮೈಯೆಲ್ಲ ನಂಬಿತ್ತು.

ಇಂಥವಳ ಮುಂದೆ ಬಂದು ಸಿಕ್ಕಿಬಿದ್ದವರು ಕನ್ನಡಕದ ಅಂಗಡಿಯವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯಲು ಸಂಕೋಚಪಡುವ ಮನುಷ್ಯ. ಆಕೆಯ ಹತ್ತಿರವೇ ಕಲಿತರು, ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದರು. ಬೇಕೆಂದೇ ಫೇಲಾಗುತ್ತಿದ್ದಾರೆ ಎಂದು ಸ್ಕೂಲಿನ ಗುಮಾಸ್ತೆಗೂ ಅನುಮಾನ ಬಂದ ಮೇಲೆ ನಾಚಿಕೊಂಡು ಪಾಸಾದರು. ಲೈಸೆನ್ಸು ಕೈಗೆ ಬಂದ ದಿನವೇ ಮದುವೆಯ ಮಾತು ಎತ್ತಿದರು. ಆಕೆ “ನೋಡೋಣ” ಎಂದಳು. ಆ “ನೋಡೋಣ”ಕ್ಕೆ ಗಡ್ಡ ಮೀಸೆ ಬಂದು ಅವು ನರೆಯುವ ಹೊತ್ತಿಗೆ ಅವರು ಕೊನೆಯ ಮಾತು ಹೇಳಿದರು.

“ಸಾಲ್ಸಾ ಬಾರಿಗೆ ಬನ್ನಿ, ಮೇಡಂ. ಅಲ್ಲಿನ ಡ್ಯಾನ್ಸ್ ಮಾಸ್ತರರಿಗೆ ಕನ್ನಡಕ ಮಾಡ್ಕೊಟ್ಟು ನಾನೂ ನಾಲ್ಕು ಹೆಜ್ಜೆ ಕಲ್ತಿದೀನಿ. ಒಂದು ಹಾಡು ನನ್ನ ಜೊತೆ ಕುಣೀರಿ. ಆಮೇಲೆ ನನ್ ಕಾರಲ್ಲಿ, ಪಕ್ಕದ ಸೀಟಲ್ಲಿ ಕೂತು ಮನೆಗೆ ಬಂದ್ರೆ ‘ಹೂಂ’ ಅಂತ ತಿಳ್ಕೋತೀನಿ. ಬಸ್ಸು ಹತ್ತಿದ್ರೆ ‘ಊಹೂಂ’. ಮತ್ತೆ ಕೇಳಿ ನಿಮ್ಗೆ ಕಾಟ ಕೊಡಲ್ಲ.”

ಅದಕ್ಕೇ ಇವತ್ತು ಪಿನ್ನು, ಅದಕ್ಕೇ ಯಮನ ಕೋಣ.

ಬಾರು ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿಯುತ್ತ ಇಳಿಯುತ್ತ, ಭೂಮಿಯ ಆ ಕಡೆಯಿಂದ ಹೊರಗೆ ಬೀಳುತ್ತೇನೇನೋ ಎನ್ನಿಸಿತು ಆಕೆಗೆ. ಗೋಡೆಯ ಮೇಲೆ ಬಣ್ಣದ ಈಚಲ ಮರಗಳು, ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಗಿಳಿಗಳು, ಎತ್ತಿನ ಗಾಡಿ ಚಕ್ರದಷ್ಟು ಅಗಲದ ಹುಲ್ಲಿನ ಟೋಪಿಗಳು. ಕೆಂಪು ದೀಪದಲ್ಲಿ ಎಲ್ಲರ ಮುಖವೂ ಸಿಗ್ನಲ್ಲಿನಲ್ಲಿ ನಿಂತವರಂತೆ ಕಾಣುತ್ತಿತ್ತು; ಆದರೆ ಒಬ್ಬರೂ ನಿಂತಿರಲಿಲ್ಲ. ಡೋಲು ನೆಲದಿಂದ ಹೊರಟು ನೇರ ಪಕ್ಕೆಲುಬಿಗೆ ಬಡಿಯುತ್ತಿತ್ತು.

ಕನ್ನಡಕದವರು ಮೂಲೆಯ ಮೇಜಿನಲ್ಲಿ ನಿಂಬೆಹಣ್ಣಿನ ಪಾನಕ ಇಟ್ಟುಕೊಂಡು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು. ಕಾಲಿಗೆ ಮಾತ್ರ ಯಾವುದೋ ದೊಡ್ಡ ಕರೀ ಬೂಟು.

“ಬಂದ್ರಲ್ಲ!”

“ಬರ್ದೆ ಏನು? ಬಾಗಿಲು ಎಲ್ಲಿದೆ?”

“ಈಗ ತಾನೇ ಒಳಗೆ ಬಂದ್ರಿ, ಮೇಡಂ.”

“ಸುಮ್ನೆ ಕೇಳ್ದೆ. ತಿಳ್ಕೊಂಡಿರ್ಬೇಕು.”

ಅಂಗಿಯ ಅರ್ಧ ಗುಂಡಿ ಬಿಚ್ಚಿಕೊಂಡಿದ್ದ ಮಾಸ್ತರರು ಚಪ್ಪಾಳೆ ತಟ್ಟಿ ಹೊಸಬರನ್ನು ಕರೆದರು. “ಗಂಡಸರು ಎಡಗಾಲು ಮುಂದಕ್ಕೆ! ಹೆಂಗಸರು ಬಲಗಾಲು ಹಿಂದಕ್ಕೆ!”

ಬ್ರೇಕಮ್ಮ ಹಿಂದಕ್ಕೆ ತಿರುಗಿ ನೋಡಿದಳು. “ಹಿಂದಕ್ಕಾ? ಕನ್ನಡಿ ಎಲ್ಲಿ?”

“ಕನ್ನಡಿ ಯಾಕಮ್ಮಾ?”

“ಕನ್ನಡಿ ಇಲ್ದೆ ರಿವರ್ಸ್ ಹೋಗೋದು ಯಾವ ಕಾನೂನಲ್ಲಿದೆ ಸ್ವಾಮೀ?”

“ಹಿಂದೆ ಏನಿದೆ ಅಂತ ನಿಮ್ ಯಜಮಾನ್ರು ನೋಡ್ಕೋತಾರೆ” ಎಂದು ಮಾಸ್ತರರು ಆಚೆ ಹೋದರು. ಯಜಮಾನರು ಎಂಬ ಮಾತಿಗೆ ಕನ್ನಡಕದವರ ಕಿವಿ ದೀಪಕ್ಕಿಂತ ಕೆಂಪಾಯಿತು.

ಬೆನ್ನ ಮೇಲೆ ಅವರ ಅಂಗೈ ಕೂತಿತು. ಹಗುರವಾದ ಕೈ, ಮಸೂರ ಹಿಡಿದು ರೂಢಿಯಾದ ಕೈ. ಆದರೂ ಆಕೆಗೆ ಬಾಗಿಲು ಲಾಕಾದ ಸದ್ದು ಕೇಳಿಸಿದಂತಾಯಿತು. ಹಿಂದೆ ಏನಿದೆಯೋ ಕಾಣದು. ಸ್ಟೇರಿಂಗು ಇನ್ನೊಬ್ಬರ ಕೈಯಲ್ಲಿ. ಹೆಜ್ಜೆ ಹಿಂದಕ್ಕೆ ಹೋಯಿತು, ಇನ್ನೊಂದು ಹೋಯಿತು. ಅಷ್ಟರಲ್ಲಿ ತುತ್ತೂರಿ ಕಿರುಚಿತು. ಅದು ತುತ್ತೂರಿಯಾಗಿರಲಿಲ್ಲ, ಲಾರಿಯ ಹಾರ್ನಾಗಿತ್ತು. ತಿರುಗುವ ದೀಪ ಕಣ್ಣಿಗೆ ಹೊಡೆಯಿತು. ಅದು ದೀಪವಾಗಿರಲಿಲ್ಲ, ಆ ತಿರುವಾಗಿತ್ತು. ಬಲಗಾಲು ತಾನಾಗಿ ಮೇಲೆದ್ದು ಇಡೀ ಮೈಯ ಭಾರ ಹೊತ್ತು ಕೆಳಗಿಳಿಯಿತು.

ಠಣ್!

ಹಗ್ಗದ ಗಿಳಿಗಳೆಲ್ಲ ಅಲ್ಲಾಡಿದವು. ಅವರ ಪಾದವನ್ನು ಪುಡಿ ಮಾಡಿಬಿಟ್ಟೆನೆಂದು ಆಕೆ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಅವರು ಕದಲದೆ ನಿಂತಿದ್ದರು. ನಗುತ್ತಿದ್ದರು.

“ಒಳಗೆ ಕಬ್ಬಿಣ ಇದೆ, ಮೇಡಂ. ಪಕ್ಕದ ವೆಲ್ಡಿಂಗ್ ಅಂಗಡಿಯವನ ಬೂಟು. ಬ್ರೇಕ್ ಹಾಕ್ತೀರಿ ಅಂತ ಗೊತ್ತಿತ್ತು.”

“ನಿಮಗೆ ಹೇಗ್ರೀ…”

“ನಿಮ್ ಮಗಳು ಎಲ್ಲಾ ಹೇಳಿದಾಳೆ. ನನ್ ಎಡಗಾಲು ನಿಮ್ ಬ್ರೇಕು. ಒತ್ತಿದಾಗೆಲ್ಲ ನಿಲ್ತೀನಿ. ಬೇಕಾದ್ರೆ ಟೆಸ್ಟ್ ಮಾಡ್ಕೊಳ್ಳಿ.”

ಗಾಡಿಯ ವಿಷಯದಲ್ಲಿ ಬ್ರೇಕಮ್ಮ ಹೆತ್ತ ತಾಯಿಯ ಮಾತನ್ನೂ ಪರೀಕ್ಷೆ ಮಾಡದೆ ನಂಬಿದವಳಲ್ಲ. ಹೆಜ್ಜೆ ಹಾಕಿದಳು, ಒತ್ತಿದಳು. ಅವರು ನಿಂತರು. ತಿರುಗುವಾಗ ಒತ್ತಿದಳು. ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತರು. ಹಿಂದಿನ ಜೋಡಿ ಬಂದು ಇವರಿಗೆ ಗುದ್ದಿತು, ಅದರ ಹಿಂದಿನದು ಅದಕ್ಕೆ; ಸಾಲು ಬೆಳೆದು ಮೆಟ್ಟಿಲು ಹತ್ತಿ ಬೀದಿಯವರೆಗೂ ಜಾಮ್ ಆಯಿತೆಂದು ನೋಡಿದವರು ಹೇಳುತ್ತಾರೆ.

“ನಡುರಸ್ತೇಲಿ ಯಾರ್ರೀ ಪಾರ್ಕ್ ಮಾಡಿರೋದು?” ಮಾಸ್ತರರು ಬೊಬ್ಬೆ ಹಾಕಿದರು.

ಕನ್ನಡಕದವರು ಕದಲಲಿಲ್ಲ. “ಅವರು ಕಾಲು ತೆಗೀಲಿ, ಆಮೇಲೆ ಹೋಗ್ತೀವಿ” ಎಂದರು. ಇರುವೆಗೆ ಹಾರ್ನ್ ಹೊಡೆಯದ ಮನುಷ್ಯ!

ಆಕೆ ಮೆಲ್ಲಗೆ ಕಾಲು ತೆಗೆದಳು. ಭಯ ಹೋಗಿರಲಿಲ್ಲ. ಪ್ರತಿ ತುತ್ತೂರಿಗೂ ಎದೆ ಝಲ್ಲೆನ್ನುತ್ತಿತ್ತು. ಆದರೆ ಈಗ ಕಾಲಿನಡಿ ಬರೀ ಚಾಪೆಯಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಒತ್ತುವುದು ಕಡಿಮೆಯಾಗಿ, ಕೊನೆಯ ಸುತ್ತಿನಲ್ಲಿ ಬಲಗಾಲು ಬ್ರೇಕನ್ನು ಮರೆತೇಬಿಟ್ಟಿತ್ತು.

ಹೊರಗೆ ಬಂದಾಗ ನಿಲ್ದಾಣದಲ್ಲಿ ಆಕೆಯ ಬಸ್ಸು ಬಾಗಿಲು ತೆರೆದು ನಿಂತಿತ್ತು. ಕನ್ನಡಕದವರು ತಮ್ಮ ಪುಟ್ಟ ಕಾರಿನ ಎರಡೂ ಬಾಗಿಲ ಬೀಗ ತೆಗೆದು, ಅತ್ತ ನೋಡುವ ಧೈರ್ಯವಿಲ್ಲದೆ, ಸ್ಟೇರಿಂಗಿನ ಮುಂದೆ ಕೂತು ನೇರ ಮುಂದಕ್ಕೆ ನೋಡಿದರು. ಬಸ್ಸು ಎಂಜಿನ್ ಚಾಲೂ ಮಾಡಿತು. ಬಸ್ಸು ಹೊರಟಿತು. ಆಮೇಲೆ ಕಾರು ಎಡಕ್ಕೆ ಸ್ವಲ್ಪ ವಾಲಿತು. ಬಾಗಿಲು ಧಡಾರನೆ ಮುಚ್ಚಿತು.

ಕೆಳಗೆ ಬರೀ ರಬ್ಬರಿನ ಚಾಪೆ. ಆಕೆ ಎರಡೂ ಕೈಯಲ್ಲಿ ಸೀಟು ಹಿಡಿದಿದ್ದಳು.

“ಭಯ ಆಗ್ತಿದ್ಯಾ, ಮೇಡಂ?”

“ಸಾಯೋಷ್ಟು. ಅದಕ್ಕೇ ಮೊದ್ಲು ಆ ಕಬ್ಬಿಣದ ಬೂಟು ಬಿಚ್ಚಿ. ಅದನ್ನ ಹಾಕ್ಕೊಂಡು ಕ್ಲಚ್ ಒತ್ತಿದ್ರೆ ಗಾಡಿ ಮನೆಗಲ್ಲ, ಸ್ವರ್ಗಕ್ಕೆ ಹೋಗುತ್ತೆ.”

ಅವರು ಬೂಟು ಬಿಚ್ಚಿದರು. ಕೀಲಿ ಹಾಕಿದರು. ತಿರುಗಿಸಲಿಲ್ಲ.

“ಮೇಡಂ… ಅಂದ್ರೆ ನಿಮ್ಮ ಉತ್ತರ, ‘ಹೂಂ’ ಅಂತಾನಾ?”

“ಊರಿಗೆಲ್ಲ ಕನ್ನಡಕ ಮಾರ್ತೀರಿ, ಪಕ್ಕದ ಸೀಟಲ್ಲಿ ಯಾರು ಕೂತಿದಾರೆ ಅಂತ ಕಾಣಲ್ವೇನ್ರೀ?”