ಗಿಟಾರಿನೊಳಗಿನ ಅಕ್ಷತೆ

ಅರೆಕೆರೆಯ ಶೆಡ್ಡಿನಲ್ಲಿ ಗಿಟಾರ್ ತಯಾರಿಸುವ ನಾರಾಯಣಪ್ಪನವರು ನನ್ನ ರೆಸೊನೇಟರ್ ಗಿಟಾರಿನ ಲೋಹದ ಮುಚ್ಚಳ ಬಿಚ್ಚಿ, ಗಿಟಾರನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದರು. ಏಳೆಂಟು ಕಾಳು ಅಕ್ಷತೆ ಉದುರಿತು.

ಹಬ್ಬದ ಮರುದಿನದಿಂದ ಗಿಟಾರ್ ಕರಕರ ಎನ್ನುತ್ತಿತ್ತು. ಜಯನಗರದ ಎಸಿ ಅಂಗಡಿಯೊಂದರ ತಜ್ಞ ಮಹಾಶಯ ಎರಡು ಬಾರಿ ಮೀಟಿ, ಕಣ್ಣು ಮುಚ್ಚಿಕೊಂಡು ತೀರ್ಪು ಕೊಟ್ಟಿದ್ದ: “ಒಳಗಿನ ಕೋನ್ ಹೋಗಿದೆ ಸಾರ್. ಶೆಡ್ಡಲ್ಲಿ ಮಾಡಿದ್ದು ಇಷ್ಟೇ. ಇಂಪೋರ್ಟೆಡ್ ಹಾಕಿಸ್ಬಿಡಿ.” ದನಿ ಹೊಮ್ಮಿಸುವ ಆ ಕೋನನ್ನು ನಾರಾಯಣಪ್ಪನವರು ತೆಳುವಾದ ಅಲ್ಯುಮಿನಿಯಂ ತಗಡಿನಿಂದ ಲೇತಿನ ಮೇಲೆ ಒತ್ತಿ ಒತ್ತಿ ಮಾಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ. ಆದರೂ ಗಿಟಾರನ್ನು ಒಮ್ಮೆ ಅಲ್ಲಾಡಿಸಿಯೂ ನೋಡದ ಆ ಮಹಾಶಯನ ಮಾತೇ ನನಗೆ ವೇದವಾಯಿತು. ಜಯನಗರದಿಂದ ಅರೆಕೆರೆಯವರೆಗೂ ಬೈಗುಳ ಜೋಡಿಸಿಕೊಂಡೇ ಬಂದಿದ್ದೆ. ಬಂದವನೇ ಅಷ್ಟನ್ನೂ ನಾರಾಯಣಪ್ಪನವರ ಮುಖದ ಮೇಲೇ ಆಡಿ ಮುಗಿಸಿದ್ದೆ.

ಅವರು ಸಿಟ್ಟಾಗಲಿಲ್ಲ. ಅರಿಶಿನ ಹತ್ತಿದ ಒಂದು ಕಾಳನ್ನು ನನ್ನ ಮುಂದೆ ಹಿಡಿದರು.

“ಆಯುಧಪೂಜೆ ಜೋರಾಗೇ ಮಾಡಿದೀರ ಸಾರ್. ಮುಚ್ಚಳಕ್ಕೆ ತೂತು ಮಾಡಿರೋದು ದನಿ ಹೊರಗೆ ಬರ್ಲಿ ಅಂತ. ಅಕ್ಕಿ ಒಳಗೆ ಹೋಗ್ಲಿ ಅಂತ ಅಲ್ಲ.”

ಮುಚ್ಚಳ ಬಿಗಿದು ಮೀಟಿದರು. ಕರಕರ ಇರಲಿಲ್ಲ.

ಆ ತಜ್ಞನನ್ನು ಸಿಕ್ಕಸಿಕ್ಕವರ ಮುಂದೆಲ್ಲ ಆಡಿಕೊಂಡು ನಕ್ಕಿದ್ದೇನೆ, ಈಗಲೂ ನಗುತ್ತೇನೆ. ಆದರೆ ಅವನಿಗಿಂತ ದೊಡ್ಡ ಮೂರ್ಖ ಯಾರೆಂದು ನನಗೆ ಗೊತ್ತು. ಗಿಟಾರಿಗೆ ಅಕ್ಷತೆ ಹಾಕಿ ಕೈಮುಗಿದವನು, ಅದನ್ನು ಮಾಡಿದ ಕೈಯನ್ನು ಮಾತ್ರ ನಂಬಲಿಲ್ಲ.